ಹೆಚ್ಚಾದ ಒಂಬತ್ತು ಸಾವಿರದ ಆರುನೂರು

"ಮೇಡಂ, ನಮ್ಮ ಮನೇಲಿ ಕಳ್ಳತನ ಆಗಿದೆ."

"ಎಷ್ಟು ಹೋಗಿದೆ?"

"ಹೋಗಿಲ್ಲ. ಬಂದಿದೆ."

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಎದುರಿಗೆ ಮೂವತ್ತೈದರ ಹೆಂಗಸು. ಬೆರಳ ತುದಿಗಳಲ್ಲಿ ಒಣಗಿದ ಅಂಟು. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ದುಡ್ಡು ಹಾಕುವ ಸೀಳು, ಮುಂದೆ ಪುಟ್ಟ ಬೀಗ, ಬೀಗದ ಕೈ ಅವಳ ಕೊರಳಲ್ಲಿ.

"ನಿನ್ನೆ ಬೆಳಿಗ್ಗೆ ಎಣಿಸಿದಾಗ ಮೂವತ್ತೊಂದು ಸಾವಿರ ಇತ್ತು. ಇವತ್ತು ಬೆಳಿಗ್ಗೆ ನಲವತ್ತು ಸಾವಿರದ ಆರುನೂರು. ಯಾರೋ ಹಾಕಿದ್ದಾರೆ. ನನ್ನನ್ನ ಒಂದು ಮಾತು ಕೇಳದೆ!"

ಮೂಲೆಯಲ್ಲಿ ಕೂತಿದ್ದ ದಫೇದಾರರು ಚಹಾದ ಲೋಟ ಕೆಳಗಿಟ್ಟರು. ಅವರಿಗೆ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. "ತಾಯಿ, ಆ ಕಳ್ಳ ಸಿಕ್ಕಿದರೆ ನಮ್ಮನೆ ವಿಳಾಸಾನೂ ಕೊಡಿ."

"ತಮಾಷೆಯಲ್ಲ ಸಾರ್," ಎಂದಳು ಹೆಂಗಸು. ಕಣ್ಣಲ್ಲಿ ನೀರು ತುಂಬಿತ್ತು, ದನಿಯಲ್ಲಿ ಮಾತ್ರ ಬೆಂಕಿ.

ಇನ್ಸ್‌ಪೆಕ್ಟರನ್ನು ಊರೆಲ್ಲ ಹಿಂದಿನಿಂದ ಭೂತಗನ್ನಡಿ ಎಂದು ಕರೆಯುತ್ತಿತ್ತು. ಸಣ್ಣದು ಅವಳ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ ಎಂಬ ಕಾರಣಕ್ಕೆ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಕುರ್ಚಿ ಎಳೆದು ಹೆಂಗಸನ್ನು ಕೂರಿಸಿದಳು.

ಕಥೆ ಹೀಗಿತ್ತು. ಆಕೆ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಗಂಡ ಬಸ್ ಕಂಡಕ್ಟರ್. ಆರು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ. ಈಗ ದೊಡ್ಡ ಬೀದಿಯಲ್ಲಿ ಒಂದು ಅಂಗಡಿ ಖಾಲಿಯಾಗಿದೆ. ಮುಂಗಡ ನಲವತ್ತು ಸಾವಿರ. ಇವತ್ತು ಸಂಜೆ ಐದಕ್ಕೆ ಸಹಿ ಹಾಕದಿದ್ದರೆ ಅಂಗಡಿ ಬೇರೆಯವರ ಪಾಲು. ಒಂಬತ್ತು ಸಾವಿರ ಕಡಿಮೆ ಇದೆ, ಒಂದು ತಿಂಗಳು ಕೊಡಿ ಎಂದು ನಿನ್ನೆ ಮಾಲೀಕರಿಗೆ ಫೋನಿನಲ್ಲಿ ಗೋಗರೆದಿದ್ದಳು. ಅವರು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

"ಹಾಗಾದರೆ ಒಳ್ಳೇದೇ ಆಯ್ತಲ್ಲಮ್ಮ," ಎಂದರು ದಫೇದಾರರು.

"ಏನು ಒಳ್ಳೇದು? ಹೋದ ಸಲ ಕಾಗದ ಕತ್ತರಿಸೋ ಮಷೀನಿಗೆ ನಮ್ಮೆಜಮಾನ್ರು ಅರ್ಧ ದುಡ್ಡು ಕೊಟ್ಟರು. ಅವತ್ತಿಂದ ಅವರ ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ ಜೊತೆ ಅದೇ ಕಥೆ. 'ನಮ್ಮ ಮನೆಯವಳ ಮಷೀನು ನಾನೇ ಕೊಡಿಸಿದ್ದು!' ಆರು ವರ್ಷ ಬೆನ್ನು ಬಗ್ಗಿಸಿ ದುಡಿದೋಳು ನಾನು. ಹೆಸರು ಮಾತ್ರ ಅವರದು. ಈ ಅಂಗಡಿಗೆ ನಿಮ್ಮ ಒಂದು ಕಾಸೂ ಬೇಡ ಅಂತ ಆಣೆ ಹಾಕಿಸಿದ್ದೆ. ಅವರೇ ಕದ್ದುಮುಚ್ಚಿ ಹಾಕಿದ್ರೆ, ನಾನು ಸಹಿ ಹಾಕಲ್ಲ. ಮಾತು ಮುರಿದ ದುಡ್ಡಿನ ಮೇಲೆ ನಾನು ಅಂಗಡಿ ಇಡಲ್ಲ. ಐದು ಗಂಟೆಯೊಳಗೆ ಯಾರು ಅಂತ ಗೊತ್ತಾಗಬೇಕು."

"ಗಂಡನನ್ನೇ ಕೇಳಬಹುದಿತ್ತಲ್ಲ?"

"ಕೇಳಿದೆ. ಇಲ್ಲ ಅಂದರು. ಆದರೆ ಮುಖ ನೋಡಿ ಹೇಳಲಿಲ್ಲ."

"ಯಾವ ಸೆಕ್ಷನ್ ಹಾಕೋದು ಮೇಡಂ?" ದಫೇದಾರರು ಮೆಲ್ಲಗೆ ಕೇಳಿದರು.

ಆಗಲೇ ಭೂತಗನ್ನಡಿಯ ಫೋನು ಗುಂಯ್ಗುಟ್ಟಿತು. ಗಂಡನ ಸಂದೇಶ. 'ವಾಷಿಂಗ್ ಮಷೀನಿನ ಅರ್ಧ ದುಡ್ಡು ನಾನೇ ಕೊಡೋದು. ಇದೇ ಕೊನೇ ಮಾತು.' ಅವನು ಚಿತ್ರಕಲೆ ಮೇಷ್ಟ್ರು. ಇವಳ ಸಂಬಳದ ಅರ್ಧವೂ ಅವನಿಗೆ ಬರುತ್ತಿರಲಿಲ್ಲ. ಮೂರು ದಿನದಿಂದ ಮನೆಯಲ್ಲಿ ಇದೇ ಜಗಳ.

ಅವಳು ಫೋನು ಬೋರಲು ಹಾಕಿ ಟೋಪಿ ಎತ್ತಿಕೊಂಡಳು. "ಸೆಕ್ಷನ್ ಆಮೇಲೆ ನೋಡೋಣ. ನಡೀರಿ."

* * *

ಮುಂದಿನ ಕೋಣೆಯೇ ಕಾರ್ಖಾನೆ. ಉದ್ದನೆ ಮೇಜು, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು, ಅಂಟಿನ ಡಬ್ಬಿ, ಗೋಡೆಗೆ ಒರಗಿಸಿದ ರಟ್ಟುಗಳು. ಕಿಟಕಿಗೆ ನೀಲಿ ಪರದೆ, ಅದರ ಮೇಲೆ ಬಿಳಿ ಗುಂಡು ಚುಕ್ಕೆ. ಬಾಗಿಲ ಬಳಿ ಬಿಳಿ ಷೂ ಒಂದು ಜೊತೆ. ಒಂದು ಷೂ ಮಗ್ಗುಲಾಗಿ ಬಿದ್ದಿತ್ತು. ಭೂತಗನ್ನಡಿ ಅದನ್ನು ದಾಟುತ್ತ ಒಂದು ಗಳಿಗೆ ನೋಡಿದಳು.

"ಅದು ನಮ್ಮತ್ತೇದು," ಎಂದಳು ಬೈಂಡರ್. "ದಿನಾ ಮೂರರಿಂದ ಐದು ನಡೆಯೋಕೆ ಹೋಗ್ತಾರೆ. ಮಂಡಿ ಬಿಗೀದಿರಲಿ ಅಂತ ಡಾಕ್ಟರ್ ಹೇಳಿದ್ದಾರೆ."

"ಹೋದ ವರ್ಷ ಷೂ ನಾನೇ ಕೊಡಿಸಿದ್ದು!" ಒಳಗಿನಿಂದ ಬಂದ ಕಂಡಕ್ಟರ್ ಹೇಳಿದ. ಹೇಳಿದ ಮೇಲೆ ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಮಧ್ಯಾಹ್ನದ ಪಾಳಿಗೆ ಸಮವಸ್ತ್ರ ತೊಟ್ಟು ಸಿದ್ಧನಾಗಿದ್ದ.

ಅವನ ಹಿಂದೆಯೇ ಅತ್ತೆ ಚಹಾ ತಂದರು. ಅರವತ್ತೆಂಟು ವಯಸ್ಸು, ಕಡ್ಡಿಯಂಥ ಮೈ. "ಏನಮ್ಮ, ದುಡ್ಡು ಜಾಸ್ತಿಯಾದ್ರೂ ಪೊಲೀಸರು ಬರ್ತಾರಾ? ಕಾಲ ಕೆಟ್ಟೋಯ್ತು," ಎಂದು ನಕ್ಕರು.

ಭೂತಗನ್ನಡಿ ಪೆಟ್ಟಿಗೆ ತೆರೆಸಿದಳು. ಬೈಂಡರ್ ತನ್ನ ನೋಟುಗಳನ್ನು ಒಂದು ಕಡೆ ಸರಿಸಿ, ಹೊಸದಾಗಿ ಬಂದವನ್ನು ಮೇಜಿನ ಮೇಲಿಟ್ಟಳು. ನಾಲ್ಕು ಕಟ್ಟು. ಎಲ್ಲ ನೂರರ ಹಳೆ ನೋಟು. ಒಂದೊಂದು ಕಟ್ಟಿಗೂ ತೆಳು ಕಾಗದದ ಪಟ್ಟಿ ಸುತ್ತಿತ್ತು. ಅಂಚಿಗೆ ಅಂಚು ಕೂಡಿತ್ತು.

"ಒಂದು ಕಟ್ಟಿಗೆ ಇಪ್ಪತ್ತನಾಲ್ಕು," ಎಂದಳು ಭೂತಗನ್ನಡಿ, ಎಣಿಸಿ. "ಎಲ್ಲಾದರೂ ಕೇಳಿದ್ದೀರಾ? ಹತ್ತು ಕಟ್ಟುತ್ತಾರೆ, ಇಪ್ಪತ್ತು ಕಟ್ಟುತ್ತಾರೆ. ಇದ್ಯಾವ ಲೆಕ್ಕ?"

"ಪೆಟ್ಟಿಗೆ ಸೀಳಲ್ಲಿ ಅಷ್ಟೇ ಹಿಡಿಯುತ್ತೇನೋ ಮೇಡಂ," ಎಂದರು ದಫೇದಾರರು.

ಭೂತಗನ್ನಡಿ ಬೈಂಡರಿನ ನೋಟುಗಳಲ್ಲಿ ಮೂವತ್ತನ್ನು ಸೇರಿಸಿ ಸೀಳಿಗೆ ಹಾಕಿದಳು. ಸುಲಭವಾಗಿ ಜಾರಿತು. "ಸೀಳಿನ ತಪ್ಪಲ್ಲ. ಕೈಯ ಅಭ್ಯಾಸ. ಕಂಡಕ್ಟರೇ, ನಿಮ್ಮ ಜೇಬಲ್ಲಿರೋ ದುಡ್ಡು ತೋರಿಸಿ."

ಅವನು ಜೇಬಿಗೆ ಕೈ ಹಾಕಿದ. ನೋಟುಗಳ ಜೊತೆ ಒಂದು ಚೀಟಿಯೂ ಕೆಳಗೆ ಬಿತ್ತು. ಅವನು ಬಗ್ಗುವ ಮೊದಲೇ ಬೈಂಡರ್ ಎತ್ತಿಕೊಂಡಳು. ಬ್ಯಾಂಕಿನ ಚೀಟಿ. ನಿನ್ನೆ ಮಧ್ಯಾಹ್ನ ಹತ್ತು ಸಾವಿರ ತೆಗೆದದ್ದು.



"ರೀ, ಏನ್ರೀ ಇದು?"

"ಅದು... ಬೇರೆ ವಿಷಯ ಕಣೇ."

"ಎಂಥ ಬೇರೆ ವಿಷಯ?"

"ನಾಳೆ ಹೇಳ್ತೀನಿ."

"ಐದು ಗಂಟೆಗೆ ನನ್ನ ಸಹಿ. ನಾಳೆ ಅಂತೆ!" ಬೈಂಡರ್ ಚೀಟಿಯನ್ನು ಮೇಜಿನ ಮೇಲಿಟ್ಟಳು. "ನಿಮ್ಮ ಮಾತಿಗೆ ಇಷ್ಟೇ ಬೆಲೆಯಾ?"

ಕಂಡಕ್ಟರಿನ ಮುಖ ಬಾಡಿತು. ಊರಿಗೆಲ್ಲ ಕಥೆ ಹೇಳುವ ಬಾಯಿಗೆ ಈಗ ಬೀಗ. ಅತ್ತೆ ಮಾತ್ರ ಮಗನನ್ನೂ ಸೊಸೆಯನ್ನೂ ಮಿಕಮಿಕ ನೋಡಿ, ಖಾಲಿಯಾಗದ ಲೋಟಗಳನ್ನೇ ಎತ್ತಿಕೊಂಡು ಒಳಗೆ ಹೋದರು.

ಭೂತಗನ್ನಡಿ ಕಂಡಕ್ಟರ್ ಮೇಜಿನ ಮೇಲೆ ಹಾಕಿದ ನೋಟುಗಳನ್ನು ನೋಡುತ್ತಿದ್ದಳು. ಪ್ರತಿ ನೋಟೂ ಉದ್ದಕ್ಕೆ ಮಡಿಕೆಯಾಗಿ, ನಡುವೆ ಗೆರೆ ಬಿದ್ದಿತ್ತು. ಬೆರಳ ಸಂದಿಯಲ್ಲಿ ನೋಟು ಸಿಕ್ಕಿಸಿಕೊಂಡು ಟಿಕೆಟ್ ಹರಿಯುವವರ ಮಡಿಕೆ.

"ಬೈಂಡರಮ್ಮ, ನೀವು ಕಾಗದ ಎಣಿಸೋದು ಹೇಗೆ?"

"ಇಪ್ಪತ್ತೈದರ ಲೆಕ್ಕ. ಈಗ ಎಲ್ಲ ಅದೇ. ಹಿಂದೆ ದಸ್ತು ಅಂತಿತ್ತು. ಇಪ್ಪತ್ತನಾಲ್ಕು ಹಾಳೆಗೆ ಒಂದು..." ಅವಳು ಅಲ್ಲಿಗೇ ನಿಂತಳು. "ಈ ಊರಲ್ಲಿ ಇನ್ನೂ ದಸ್ತು ಲೆಕ್ಕ ಹಿಡಿದು ಕೂತಿರೋನು ಒಬ್ಬನೇ. ಗೋಂದಯ್ಯ."

* * *

ಗೋಂದಯ್ಯನ ಅಂಗಡಿ ಎರಡು ಬೀದಿ ಆಚೆ. ನಲವತ್ತು ವರ್ಷ ಗೋಂದಿನಲ್ಲಿ ಕೈಯಾಡಿಸಿ ಹೆಸರೇ ಅದಾಗಿತ್ತು. ಬೈಂಡರಿಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವಳು ದೊಡ್ಡ ಬೀದಿಗೆ ಬಂದರೆ ಇವನ ಗಿರಾಕಿಗಳು ಅತ್ತ ಹೋಗುತ್ತಾರೆ.

"ಅವಳ ಪೆಟ್ಟಿಗೆಗೆ ನಾನು ದುಡ್ಡು ಹಾಕೋದಾ?" ಗೋಂದಯ್ಯ ಕನ್ನಡಕ ಹಣೆಗೇರಿಸಿದ. "ನನಗೇನು ತಲೆ ಕೆಟ್ಟಿದೆಯಾ ಮೇಡಂ? ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕಿಕೊಳ್ತೀನಾ?"

"ಅವಳನ್ನ ಸಿಕ್ಕಿಸೋಕೆ ಖೋಟಾ ನೋಟು ಹಾಕಿರಬಹುದು."

"ನೋಟು ಖೋಟಾನಾ?"

"ಅಲ್ಲ. ಬರುವಾಗ ಬ್ಯಾಂಕಿನಲ್ಲಿ ತೋರಿಸಿದೆ. ಎಲ್ಲ ಅಸಲಿ."

"ಮತ್ತೆ!" ಎಂದ ಗೋಂದಯ್ಯ, ಗೆದ್ದವನಂತೆ.

ಭೂತಗನ್ನಡಿ ಸುತ್ತ ಕಣ್ಣಾಡಿಸಿದಳು. ಗೋಂದಯ್ಯನ ಮೇಜು ತಿಪ್ಪೆಗುಂಡಿ. ಎಲ್ಲೆಂದರಲ್ಲಿ ಅಂಟು, ದಾರ, ಅರ್ಧ ಕುಡಿದ ಚಹಾ. ಆದರೆ ಕಿಟಕಿಯ ಬಳಿ ಇನ್ನೊಂದು ಪುಟ್ಟ ಮೇಜಿತ್ತು. ಅದರ ಮೇಲೆ ಮಡಚಿದ ಹಾಳೆಗಳು, ಅಂಚಿಗೆ ಅಂಚು ಕೂಡಿದ್ದವು. ಪಕ್ಕದಲ್ಲಿ ಮುಚ್ಚಿಟ್ಟ ನೀರಿನ ಲೋಟ. ಕುರ್ಚಿಯ ಮೇಲೆ ಮೆತ್ತೆ. ಮೆತ್ತೆಗೆ ನೀಲಿ ಬಟ್ಟೆಯ ಹೊದಿಕೆ, ಅದರ ಮೇಲೆ ಬಿಳಿ ಗುಂಡು ಚುಕ್ಕೆ.

"ಇಲ್ಲಿ ಯಾರು ಕೂರ್ತಾರೆ?"

"ಯಾರೂ ಇಲ್ಲ. ನಾನೊಬ್ಬನೇ."

"ಹಾಗಾದರೆ ನೀವು ಇಲ್ಲಿ ಕೂತಾಗ ಅಚ್ಚುಕಟ್ಟಿನ ಮನುಷ್ಯ, ಅಲ್ಲಿ ಕೂತಾಗ ಹೀಗೆ?"

ಗೋಂದಯ್ಯನ ಕಿವಿ ಕೆಂಪಾಯಿತು. "ಮೇಡಂ, ನಾನು ಮಾತು ಕೊಟ್ಟಿದ್ದೀನಿ. ಬೇಕಾದ್ರೆ ಒಳಗೆ ಹಾಕಿ. ನಾನು ಬಾಯಿ ಬಿಡಲ್ಲ."

"ಬೇಡ ಬಿಡಿ. ನಿಮ್ಮ ಮೆತ್ತೆ ಬಾಯಿ ಬಿಟ್ಟಾಯ್ತು," ಎಂದು ಭೂತಗನ್ನಡಿ ಮೆಟ್ಟಿಲಿಳಿದಳು. ಹೊರಗೆ ಬಂದವಳೇ ದಫೇದಾರರಿಗೆ ಕಂಡಕ್ಟರಿನ ಬ್ಯಾಂಕು ಚೀಟಿ ಕೊಟ್ಟಳು. "ಈ ಬ್ಯಾಂಕಿನ ಆಸುಪಾಸಿನ ಅಂಗಡಿಗಳಲ್ಲಿ ವಿಚಾರಿಸಿ. ನಿನ್ನೆ ಮಧ್ಯಾಹ್ನ ಒಬ್ಬ ಕಂಡಕ್ಟರ್ ಬಂದು ಏನು ಕೊಂಡ ಅಂತ. ಅವನು ಬಂದಿದ್ದರೆ ಯಾರೂ ಮರೆತಿರಲ್ಲ. ಅಷ್ಟು ಮಾತಾಡಿರ್ತಾನೆ."

* * *

ನಾಲ್ಕು ಗಂಟೆ. ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತಿದ್ದರು. ಕಂಡಕ್ಟರ್ ಪಾಳಿ ಬದಲಾಯಿಸಿಕೊಂಡಿದ್ದ. ಬೈಂಡರ್ ಗಂಡನ ಕಡೆ ಬೆನ್ನು ಮಾಡಿದ್ದಳು. ಅತ್ತೆ ಇವತ್ತು ನಡೆಯಲು ಹೋಗಿರಲಿಲ್ಲ.

"ಮೊದಲು ಒಂದು ಮಾತು," ಎಂದಳು ಭೂತಗನ್ನಡಿ. "ನಿಮ್ಮ ಗಂಡ ಈ ದುಡ್ಡು ಹಾಕಿಲ್ಲ. ಅವರ ಕೈಗೆ ಬಂದ ನೋಟು ಉದ್ದಕ್ಕೆ ಮಡಚದೆ ಉಳಿಯಲ್ಲ. ಈ ತೊಂಬತ್ತಾರು ನೋಟಲ್ಲಿ ಒಂದರಲ್ಲೂ ಆ ಮಡಿಕೆ ಇಲ್ಲ."

ಬೈಂಡರ್ ತಿರುಗಿದಳು. "ಮತ್ತೆ ಆ ಹತ್ತು ಸಾವಿರ?"

ಉತ್ತರ ಬಾಗಿಲಲ್ಲಿ ಬಂದು ನಿಂತಿತು. ದಫೇದಾರರು ಏದುಸಿರು ಬಿಡುತ್ತ ಬ್ಯಾಂಕಿನ ಪಕ್ಕದ ಅಂಗಡಿಯಿಂದ ತಮಗಿಂತ ಉದ್ದದ ಒಂದು ಬೋರ್ಡನ್ನು ಒಳಗೆ ತಂದರು. ಸುತ್ತ ದೀಪ ಕೂರಿಸಿದ ಭರ್ಜರಿ ಬೋರ್ಡು. ದೊಡ್ಡ ಅಕ್ಷರದಲ್ಲಿ 'ಹೊಸ ಬೈಂಡಿಂಗ್ ಅಂಗಡಿ'. ಕೆಳಗೆ, ಅಷ್ಟೇನೂ ಸಣ್ಣದಲ್ಲದ ಅಕ್ಷರದಲ್ಲಿ 'ಪ್ರೀತಿಯ ಪತಿಯ ಕೊಡುಗೆ'.

ಬೈಂಡರ್ ಓದಿದಳು. ಮತ್ತೊಮ್ಮೆ ಓದಿದಳು.

"ಅಂಗಡಿಗೆ ಬೇಡ ಅಂದೆ," ಕಂಡಕ್ಟರ್ ಗೊಣಗಿದ. "ಬೋರ್ಡಿಗೆ ಬೇಡ ಅನ್ನಲಿಲ್ಲವಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಎಲ್ಲಿಂದಲೋ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ನಕ್ಕು ನಕ್ಕು ಸುಸ್ತಾಗಿ ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಹಾಗಾದರೆ ಗೋಂದಯ್ಯನಾ?"

"ಗೋಂದಯ್ಯನೂ ಅಲ್ಲ. ಆದರೆ ಅವನ ಹತ್ತಿರ ಕೆಲಸ ಕಲಿತವರು." ಭೂತಗನ್ನಡಿ ಬೆಳಗಿನ ದೂರಿನ ಕಾಗದವನ್ನು ತೆಗೆದು ಅತ್ತೆಯ ಕೈಗೆ ಕೊಟ್ಟಳು. "ಅಮ್ಮ, ಇದನ್ನ ನಾಲ್ಕು ಮಡಿಕೆ ಮಾಡಿ ಕೊಡ್ತೀರಾ?"

ಅತ್ತೆ ಕಾಗದ ತೆಗೆದುಕೊಂಡರು. ಏನೋ ಯೋಚನೆಯಲ್ಲಿದ್ದರು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮೂಲೆಗೆ ಮೂಲೆ ಕೂಡಿಸಿತು, ಬೆಳಕಿಗೆ ಒಮ್ಮೆ ಹಿಡಿದು ನೋಡಿತು, ಚಹಾದ ತಟ್ಟೆಯಲ್ಲಿದ್ದ ಚಮಚ ಎತ್ತಿ ಅದರ ಬೆನ್ನಿನಿಂದ ಮಡಿಕೆಯನ್ನು ನಡುವಿನಿಂದ ಹೊರಕ್ಕೆ ಸರ್ರನೆ ತೀಡಿತು.

ಬೈಂಡರ್ ಎದ್ದು ನಿಂತಳು. ಹಾಗೆ ಮಡಚುವವರು ಸಾವಿರಗಟ್ಟಲೆ ಹಾಳೆ ಮಡಚಿದವರು ಮಾತ್ರ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅತ್ತೇ!"

ಅತ್ತೆ ಕೈಯಲ್ಲಿದ್ದ ಚಮಚ ನೋಡಿಕೊಂಡರು. "ಅಯ್ಯೋ, ಸಿಕ್ಕಿಬಿದ್ದೆ," ಎಂದರು.

"ಒಂದು ವರ್ಷದಿಂದ ದಿನಾ ಎರಡು ಗಂಟೆ ನಡೆಯೋರ ಷೂ ಅಟ್ಟೆ ಸವೆದಿರಬೇಕು," ಎಂದಳು ಭೂತಗನ್ನಡಿ. "ನಿಮ್ಮದರ ಗೆರೆಗಳು ಹೊಸದರ ಹಾಗಿವೆ. ಎರಡು ಬೀದಿ ದಾಟೋಕೆ ಅಟ್ಟೆ ಸವೆಯಲ್ಲ. ನೋಟು ಇಪ್ಪತ್ತನಾಲ್ಕರ ಕಟ್ಟು, ಅಂದರೆ ದಸ್ತು. ಅದು ಗೋಂದಯ್ಯನ ಲೆಕ್ಕ. ಅವನ ಅಂಗಡಿ ಕುರ್ಚಿಯ ಮೆತ್ತೆಗೆ ಈ ಮನೆಯ ಪರದೆ ಬಟ್ಟೆ. ಒಂಬತ್ತು ಸಾವಿರ ಕಡಿಮೆ ಅಂತ ಸೊಸೆ ಫೋನಿನಲ್ಲಿ ಹೇಳಿದ್ದನ್ನ ಕೇಳಿಸಿಕೊಂಡವರು ಈ ಮನೇಲಿ ಇಬ್ಬರೇ. ಒಬ್ಬರು ಬೋರ್ಡು ಮಾಡಿಸೋಕೆ ಹೋದರು."

"ಅಮ್ಮಾ, ನೀನು ಕೂಲಿಗೆ ಹೋಗ್ತಿದ್ದೀಯಾ?" ಕಂಡಕ್ಟರಿನ ದನಿ ಒಡೆಯಿತು. "ನಾನು ನಿನಗೇನು ಕಡಿಮೆ ಮಾಡಿದ್ದೆ? ಕೇಳಿದ್ದೆಲ್ಲ ಕೊಡಿಸಿಲ್ವಾ?"

"ಕೊಡಿಸಿದ್ದೀಯಪ್ಪ. ನಿಮ್ಮಪ್ಪಾನೂ ಕೊಡಿಸಿದ್ರು. ನಲವತ್ತು ವರ್ಷದಲ್ಲಿ ಒಂದು ದಿನ ಇಲ್ಲ ಅಂದೋರಲ್ಲ." ಅತ್ತೆ ಕಾಗದದ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿದರು. "ಆದ್ರೆ ಕೇಳ್ಬೇಕಿತ್ತಲ್ಲ."

ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಮುಂದುವರಿಸಿದರು.

"ಮೊದಲನೇ ವಾರ ಗೋಂದಯ್ಯ ಕೈಗೆ ದುಡ್ಡು ಕೊಟ್ಟಾಗ ಏನು ಮಾಡಿದೆ ಗೊತ್ತಾ? ಐಸ್‌ಕ್ರೀಮ್ ತಿಂದೆ. ಒಂದಲ್ಲ, ಎರಡು. ಯಾರನ್ನೂ ಕೇಳ್ಲಿಲ್ಲ, ಯಾರಿಗೂ ಹೇಳ್ಲಿಲ್ಲ. ಅರವತ್ತೇಳನೇ ವಯಸ್ಸಲ್ಲಿ ಅಷ್ಟು ರುಚಿಯಾದ್ದು ನಾನು ತಿಂದೇ ಇರ್ಲಿಲ್ಲ."

"ನನ್ನ ಹತ್ರ ಕೆಲಸ ಮಾಡಬಹುದಿತ್ತಲ್ಲ ಅತ್ತೆ. ಆ ಗೋಂದಯ್ಯನೇ ಬೇಕಿತ್ತಾ?"

"ಕೇಳ್ದೆನಮ್ಮ. ಮೂರು ಸಲ ಕೇಳ್ದೆ. 'ನಿಮಗ್ಯಾಕೆ ಅತ್ತೆ ಈ ಕಷ್ಟ, ಆರಾಮಾಗಿ ಕೂತ್ಕೊಳ್ಳಿ, ಬೇಕಾದ್ದು ನಾನು ಕೊಡಿಸ್ತೀನಿ' ಅಂದೆ."

ಬೈಂಡರಿಗೆ ಥಟ್ಟನೆ ಹೊಳೆಯಿತು. ಗಂಡನ ಯಾವ ಮಾತಿಗೆ ತಾನು ಉರಿದುಬಿದ್ದಿದ್ದಳೋ ಅದೇ ಮಾತನ್ನು ತಾನೇ ಪ್ರೀತಿಯಿಂದ ಹೇಳಿದ್ದಳು. ಮುಖ ಕೆಂಪಗಾಯಿತು. ಹೋಗಿ ಅತ್ತೆಯ ಎದುರು ಕೂತಳು.

"ತಪ್ಪಾಯ್ತು ಅತ್ತೆ."

"ತಪ್ಪೇನು ಬಂತು. ಈ ದುಡ್ಡು ತಗೊಂಡು ಅಂಗಡಿ ಮಾಡು."

"ಇಲ್ಲ. ಕೊಟ್ಟರೆ ತಗೊಳ್ಳಲ್ಲ."

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಭೂತಗನ್ನಡಿ ಹೊರಗೆ ನಿಂತ ಜೀಪಿನ ಕಡೆ ಕಣ್ಣು ಹಾಯಿಸಿದಳು.

"ಪಾಲಿಗೆ ಹಾಕಿದ್ರೆ ತಗೋತೀನಿ," ಎಂದಳು ಬೈಂಡರ್. "ನೀವು ನನ್ನ ಪಾಲುದಾರರು. ಕರಾರಿನಲ್ಲಿ ನಿಮ್ಮ ಸಹಿಯೂ ಬೇಕು."

ಅತ್ತೆ ನೆಟ್ಟಗೆ ಕೂತರು. ಮಂಡಿ ನೋವು ಎಲ್ಲಿ ಹೋಯಿತೋ. "ಎಷ್ಟು ಪಾಲು?"

"ದುಡ್ಡಿನ ಲೆಕ್ಕಕ್ಕೆ ಕಾಲು ಭಾಗ."

"ಜೊತೆಗೆ ಕೆಲಸಕ್ಕೆ ಬೇರೆ ಕೂಲಿ. ವಾರ ವಾರ. ಕಿಟಕಿ ಪಕ್ಕದ ಜಾಗ ನನಗೆ."

"ಕಿಟಕಿ ನನಗೆ ಬೇಕು ಅತ್ತೆ, ಬೆಳಕು..."

"ಗೋಂದಯ್ಯ ಕೊಟ್ಟಿದ್ದಾನೆ."

"ಆಯ್ತು, ಕಿಟಕಿ ನಿಮಗೆ. ಆದರೆ ಎಣಿಕೆ ಇಪ್ಪತ್ತೈದರ ಲೆಕ್ಕ!"

"ಅದೊಂದು ಆಗಲ್ಲ," ಎಂದರು ಅತ್ತೆ.

"ಆ ಜಗಳ ಅಂಗಡೀಲಿ ಆಡಿ. ಟೈಮಾಯ್ತು!" ಎಂದಳು ಭೂತಗನ್ನಡಿ. ಅತ್ತೆ ಬಿಳಿ ಷೂ ಹಾಕಿಕೊಂಡರು. ಅವತ್ತು ಪೊಲೀಸ್ ಜೀಪು ಇಬ್ಬರು ಪಾಲುದಾರರನ್ನು ಹೊತ್ತು ದೊಡ್ಡ ಬೀದಿಗೆ ಓಡಿತು. ಐದಕ್ಕೆ ಇನ್ನೂ ಏಳು ನಿಮಿಷ ಇರುವಾಗ ಎರಡು ಸಹಿ ಬಿದ್ದವು. ದೂರಿನ ಕಾಗದವನ್ನು ಬೈಂಡರ್ ವಾಪಸು ಪಡೆದಳು.

ಬೋರ್ಡನ್ನು ಏನು ಮಾಡುವುದೆಂದು ಕಂಡಕ್ಟರ್ ಕೇಳಿದ. ಕೆಳಗಿನ ಸಾಲು ಅಳಿಸಿ ಕೊಟ್ಟರೆ ಅವನ ಬೋರ್ಡನ್ನು ಅಂಗಡಿಗೆ ಕೊಂಡುಕೊಳ್ಳುತ್ತೇವೆ, ಹಣ ಕಂತಿನಲ್ಲಿ ತೀರಿಸುತ್ತೇವೆ ಎಂದರು ಪಾಲುದಾರರು.

* * *

ಹದಿನೈದು ದಿನ ಕಳೆದು ಒಂದು ಭಾನುವಾರ ಭೂತಗನ್ನಡಿ ಗಂಡನ ಜೊತೆ ಬಸ್ಸು ಹತ್ತಿದಳು. ವಾಷಿಂಗ್ ಮಷೀನು ನೋಡಿಕೊಂಡು ಬರಲು. ಟಿಕೆಟ್ಟಿಗೆ ಇಬ್ಬರ ಕೈಯೂ ಒಟ್ಟಿಗೇ ಜೇಬಿಗೆ ಹೋಯಿತು. ಅವಳು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನೀವೇ ಕೊಡಿ. ಮಷೀನಿಗೂ ಅರ್ಧ ನಿಮ್ಮದೇ. ನಾನು ತಕರಾರು ಮಾಡಲ್ಲ."

ಗಂಡ ಅವಳ ಮುಖ ನೋಡಿದ. "ನಿಜವಾಗ್ಲೂ?"

"ನಿಜವಾಗ್ಲೂ. ಆಮೇಲೆ ಐಸ್‌ಕ್ರೀಮೂ ಕೊಡಿಸಿ."

ಆ ಹೊತ್ತಿಗೆ ಬಸ್ಸಿನ ಹಿಂದಿನಿಂದ ಪರಿಚಿತ ದನಿ ಕೇಳಿತು. ಕಂಡಕ್ಟರ್ ಬೆರಳ ಸಂದಿಯಲ್ಲಿ ನೋಟು ಸಿಕ್ಕಿಸಿಕೊಂಡು, ಒಬ್ಬೊಬ್ಬರಿಗೂ ಟಿಕೆಟ್ ಹರಿದು ಕೊಡುತ್ತ, ಎದೆ ಉಬ್ಬಿಸಿಕೊಂಡು ಮುಂದೆ ಬರುತ್ತಿದ್ದ.

"ದೊಡ್ಡ ಬೀದೀಲಿ ಹೊಸ ಬೈಂಡಿಂಗ್ ಅಂಗಡಿ ನೋಡಿದ್ರಾ ಸಾರ್? ನಮ್ಮ ಮನೆಯವಳದ್ದು, ನಮ್ಮಮ್ಮಂದು! ಅದರಲ್ಲಿ ನನ್ನದು ಒಂದು ಕಾಸೂ ಇಲ್ಲ. ಒಂದೇ ಒಂದು ಕಾಸೂ ಇಲ್ಲ ಸಾರ್!"